ಊರಿನ ಹೆಸರು ಯಾರದು? ಜಿಐ ಕಾಯ್ದೆಯ ಮುಖ್ಯಾಂಶಗಳು

• ಜಿಐ, ಅಂದರೆ ಭೌಗೋಳಿಕ ಸೂಚಕದ ಕಾಯ್ದೆ 1999ರದ್ದು. ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15. ಪರೀಕ್ಷೆಯ ಗಡಿಬಿಡಿಯಲ್ಲಿ ಅದಲುಬದಲಾಗುವ ಇಸವಿಗಳಿವು. ನೋಂದಣಿ ಕಚೇರಿ ಇಡೀ ದೇಶಕ್ಕೆ ಒಂದೇ, ಚೆನ್ನೈಯಲ್ಲಿದೆ. ಸಚಿವಾಲಯ ವಾಣಿಜ್ಯ ಮತ್ತು ಕೈಗಾರಿಕೆ. ಬೆಳೆಗಳ ಹೆಸರು ನೋಡಿ ಕೃಷಿ ಎಂದು ಗುರುತು ಹಾಕಬೇಡಿ. ನೋಂದಣಿ 10 ವರ್ಷಕ್ಕೆ, ಮತ್ತೆ ಮತ್ತೆ ನವೀಕರಿಸಬಹುದು. ಮೊದಲ ಜಿಐ: ಡಾರ್ಜಿಲಿಂಗ್ ಚಹಾ, 2004.

• ಟ್ರೇಡ್‌ಮಾರ್ಕ್ ಒಬ್ಬರ ಸೊತ್ತು, ಮಾರಬಹುದು. ಜಿಐ ಆ ಪ್ರದೇಶದ ಉತ್ಪಾದಕರೆಲ್ಲರದು. ಮಾರುವಂತಿಲ್ಲ, ಪರಭಾರೆ ಇಲ್ಲ, ಒತ್ತೆಯಿಡುವಂತೆಯೂ ಇಲ್ಲ. ಸಂಘವೋ ಸರ್ಕಾರಿ ಸಂಸ್ಥೆಯೋ ಅರ್ಜಿ ಹಾಕಿ ಜಿಐ ಪಡೆದ ಮೇಲೆ, ಬೆಳೆಗಾರ ತನ್ನ ಹೆಸರನ್ನು ‘ಅಧಿಕೃತ ಬಳಕೆದಾರ’ ಎಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಟ್ಯಾಗ್ ಬಂದ ಸುದ್ದಿಗೆ ಪಟಾಕಿ ಹೊಡೆಯುವವರು ಈ ಎರಡನೇ ಹೆಜ್ಜೆಯನ್ನು ಮರೆಯುವುದೇ ಹೆಚ್ಚು.

• ರಕ್ಷಣೆ ಹೆಸರಿಗೆ, ಪಾಕವಿಧಾನಕ್ಕಲ್ಲ. ‘ಬಾಂಗ್ಲಾರ್ ರಸೊಗೊಲ್ಲ’ಕ್ಕೆ 2017ರಲ್ಲಿ, ‘ಒಡಿಶಾ ರಸಗೋಲ’ಕ್ಕೆ 2019ರಲ್ಲಿ ಜಿಐ ಸಿಕ್ಕಿತು. ಹಾಗಾಗಿ ಬಂಗಾಳ, ಒಡಿಶಾ ನಡುವಿನ ರಸಗುಲ್ಲಾ ಜಗಳದಲ್ಲಿ ಯಾರು ಗೆದ್ದರು ಎಂಬ ಪ್ರಶ್ನೆಯೇ ತಪ್ಪು. ಬೆಂಗಳೂರಿನ ಮಿಠಾಯಿ ಅಂಗಡಿ ಬರೀ ‘ರಸಗುಲ್ಲಾ’ ಎಂದು ಮಾರಿದರೆ ತಕರಾರಿಲ್ಲ.

• ಮದ್ಯಕ್ಕೆ ಮಾತ್ರ ಹೆಚ್ಚಿನ ಕಾವಲು. ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 22ನೇ ವಿಧಿ ಎಲ್ಲ ಸರಕಿಗೂ ಅನ್ವಯ. ಅಲ್ಲಿ ಗ್ರಾಹಕ ಮೋಸಹೋಗುವಂತಿದೆ ಎಂದು ತೋರಿಸಬೇಕು. 23ನೇ ವಿಧಿ ವೈನ್ ಮತ್ತು ಸ್ಪಿರಿಟ್‌ಗೆ. ಇಲ್ಲಿ ‘ಶೈಲಿ’, ‘ಮಾದರಿ’ ಎಂದು ಬಾಲ ಅಂಟಿಸಿದರೂ ಹೆಸರು ಬಳಸುವಂತಿಲ್ಲ. ಇದು ಯುರೋಪಿನ ಚೌಕಾಸಿಯ ಫಲ. ಚಹಾ, ಅಕ್ಕಿಗೂ ಅಷ್ಟೇ ರಕ್ಷಣೆ ಬೇಕೆಂಬುದು ಭಾರತದ ಹಳೆಯ ಬೇಡಿಕೆ. ಮದ್ಯದ ಜಿಐ ನಮ್ಮಲ್ಲೂ ಇದೆ: ಗೋವಾದ ಗೇರುಹಣ್ಣಿನ ಫೆನಿ.

• ಬೆಂಗಳೂರಿನ ನಂಟಿರುವ ಮೊಕದ್ದಮೆ: ಖೋಡೆ ಡಿಸ್ಟಿಲರೀಸ್ 1968ರಿಂದ ‘ಪೀಟರ್ ಸ್ಕಾಟ್’ ವಿಸ್ಕಿ ಮಾರುತ್ತಿತ್ತು. ‘ಸ್ಕಾಟ್’ ಎಂದರೆ ಸ್ಕಾಟ್ಲೆಂಡಿನದು ಎಂಬ ಭಾವನೆ ಬರುತ್ತದೆ ಎಂದು ಸ್ಕಾಚ್ ವಿಸ್ಕಿ ಸಂಘ ತಕರಾರು ತೆಗೆಯಿತು. 2008ರಲ್ಲಿ ಸುಪ್ರೀಂ ಕೋರ್ಟ್ ಖೋಡೆ ಪರ ತೀರ್ಪಿತ್ತಿತು. ವಿಷಯ 1974ರಲ್ಲೇ ಗೊತ್ತಿದ್ದೂ ಸಂಘ ಅರ್ಜಿ ಹಾಕಿದ್ದು 1986ರಲ್ಲಿ. ಆ ವಿಳಂಬವೇ ಮುಳುವಾಯಿತು. ವಿಸ್ಕಿ ಕೊಳ್ಳುವವನು ಅಷ್ಟು ಸುಲಭಕ್ಕೆ ಏಮಾರುವವನಲ್ಲ ಎಂಬುದೂ ನ್ಯಾಯಾಲಯದ ಅಭಿಪ್ರಾಯ. ನೆನಪಿಡಿ: ಇದು ಟ್ರೇಡ್‌ಮಾರ್ಕ್ ಕಾನೂನಿನ ಪ್ರಕರಣ, ಜಿಐ ಕಾಯ್ದೆಯದಲ್ಲ.

• ಜಿಐ ಸರಕಿಗೆ ಮಾತ್ರ, ಸೇವೆಗಲ್ಲ. ಕೋಲ್ಕತ್ತದ ಹೋಟೆಲೊಂದು ತನ್ನ ಲೌಂಜಿಗೆ ‘ಡಾರ್ಜಿಲಿಂಗ್’ ಎಂದು ಹೆಸರಿಟ್ಟದ್ದಕ್ಕೆ ಟೀ ಬೋರ್ಡ್ ಹೂಡಿದ್ದ ದಾವೆಯನ್ನು ಕಲ್ಕತ್ತಾ ಹೈಕೋರ್ಟ್ 2019ರಲ್ಲಿ ವಜಾ ಮಾಡಿತು.

• ಕರ್ನಾಟಕದ ಪಟ್ಟಿಯಲ್ಲಿ ಬೆಳೆಗಳೇ ಜಾಸ್ತಿ: ನಂಜನಗೂಡು ರಸಬಾಳೆ, ಕೊಡಗಿನ ಕಿತ್ತಳೆ, ಅಪ್ಪೆಮಿಡಿ, ದೇವನಹಳ್ಳಿ ಚಕ್ಕೋತ, ಕಲಬುರಗಿ ತೊಗರಿ, ಶಿರಸಿ ಅಡಿಕೆ. ತಯಾರಿಸಿದ ತಿನಿಸಿನಲ್ಲಿ ಧಾರವಾಡ ಪೇಡ. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾ ಕಾಫಿಗೆ 2019ರಲ್ಲಿ ಒಟ್ಟಿಗೇ ಬಂತು. ಬ್ಯಾಡಗಿ ಮೆಣಸಿನಕಾಯಿಯ ಗುರುತು ಸುಕ್ಕುಸಿಪ್ಪೆ, ಗಾಢ ಕೆಂಪು, ಕಡಿಮೆ ಖಾರ. ಉಡುಪಿಯ ಮಟ್ಟುಗುಳ್ಳ ಗುಂಡಗೆ, ತಿಳಿಹಸಿರು ಮೈಮೇಲೆ ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು. ಅರ್ಜಿಯಲ್ಲಿ ಇಂಥ ಲಕ್ಷಣಗಳನ್ನು ಮಣ್ಣು, ಹವೆ, ಕೈಚಳಕಕ್ಕೆ ಜೋಡಿಸಿ ತೋರಿಸಬೇಕು.

• ಸುಳ್ಳು ಜಿಐ ಬಳಸಿದರೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ.