ಇಸವಿ ಸುಳ್ಳು ಹೇಳುವ ಬೆಳ್ಳಿ ನಾಣ್ಯ

ನಾಣ್ಯದ ಮೇಲೆ ಯಾವ ಇಸವಿ ಇದೆಯೋ ಅದೇ ವರ್ಷ ಅದು ಹುಟ್ಟಿದ್ದು ಅಂತ ನಾವೆಲ್ಲ ತಿಳ್ಕೊಂಡಿದ್ದೇವೆ, ಅಲ್ವಾ? ಅಮೇರಿಕದ ಒಂದು ಬೆಳ್ಳಿ ಡಾಲರಿನ ಕಥೆ ಓದಿದ ಮೇಲೆ ನನಗೆ ಆ ನಂಬಿಕೆ ಹೋಯಿತು.

ಅಮೇರಿಕದವರು 1792ರಲ್ಲಿ ಕಾನೂನು ಮಾಡಿ ಫಿಲಡೆಲ್ಫಿಯಾ ನಗರದಲ್ಲಿ ಟಂಕಸಾಲೆ ತೆರೆದರು. ಅದಕ್ಕೂ ಮೊದಲು ಅಲ್ಲಿನ ವ್ಯಾಪಾರದಲ್ಲಿ ಹೆಚ್ಚಾಗಿ ಓಡಾಡುತ್ತಿದ್ದದ್ದು ಸ್ಪೇನ್ ದೇಶದ ಬೆಳ್ಳಿ ನಾಣ್ಯ. ತಮ್ಮದೇ ಬೆಳ್ಳಿ ಡಾಲರು ಬಂದದ್ದು 1794ರ ಅಕ್ಟೋಬರಿನಲ್ಲಿ. ಅದೂ ಬರೀ 1,758! ಒಂದು ಕಡೆ ಕೂದಲು ಬಿಟ್ಟುಕೊಂಡ ಸ್ವಾತಂತ್ರ್ಯದೇವಿ, ಇನ್ನೊಂದು ಕಡೆ ಹದ್ದು. ತೂಕ ಸುಮಾರು 27 ಗ್ರಾಂ. ಅವುಗಳಲ್ಲಿ ಒಂದು 2013ರ ಹರಾಜಿನಲ್ಲಿ ಒಂದು ಕೋಟಿ ಡಾಲರಿಗೂ ಮೇಲೆ ಹೋಯಿತು.

ಈಗ ಸುಳ್ಳುಗಾರನ ಕಥೆಗೆ ಬರೋಣ. 1804ರಲ್ಲಿ 19,570 ಡಾಲರು ಹೊಡೆದೆವು ಅಂತ ಟಂಕಸಾಲೆಯ ಲೆಕ್ಕದಲ್ಲಿದೆ. ಆದರೆ ಹೊಡೆದದ್ದು ಹಳೇ ಇಸವಿಯ ಅಚ್ಚಿನಿಂದ. ಅಚ್ಚು ಸವೆಯುವ ತನಕ ಬಳಸುವುದು ಆಗಿನ ಪದ್ಧತಿ. ಆಮೇಲೆ ಡಾಲರು ಹೊಡೆಯುವುದೇ ನಿಂತಿತು.

ಮೂವತ್ತು ವರ್ಷ ಕಳೆದ ಮೇಲೆ ಎಡ್ಮಂಡ್ ರಾಬರ್ಟ್ಸ್ ಎಂಬ ರಾಯಭಾರಿಯ ಕೈಲಿ ಮಸ್ಕತ್ತಿನ ಸುಲ್ತಾನನಿಗೂ ಸಯಾಮಿನ (ಈಗಿನ ಥಾಯ್ಲೆಂಡ್) ರಾಜನಿಗೂ ಕಾಣಿಕೆ ಕಳಿಸಬೇಕಾಯಿತು. ಎಲ್ಲಾ ಬಗೆಯ ನಾಣ್ಯವೂ ಪೆಟ್ಟಿಗೆಯಲ್ಲಿರಬೇಕು ಎಂದು ಅಪ್ಪಣೆ. ಅಧಿಕಾರಿಗಳು ಹಳೇ ಲೆಕ್ಕ ತೆಗೆದು ನೋಡಿದರು, ಕೊನೆಯ ಡಾಲರು 1804 ಅಂತ ಇತ್ತು. ಸರಿ, 1804 ಅಂತಲೇ ಹೊಸ ಅಚ್ಚು ಕೆತ್ತಿಸಿ ಹೊಡೆದೇಬಿಟ್ಟರು! ಆ ಬಗೆಯವು ಈಗ 8 ಉಳಿದಿವೆ. ಮುಂದೆ, 1858ರ ಸುಮಾರಿಗೆ, ಸಂಗ್ರಹಕಾರರ ಆಸೆ ಕಂಡು ಟಂಕಸಾಲೆಯೊಳಗಿನವರೇ ಗುಟ್ಟಾಗಿ ಇನ್ನಷ್ಟು ಹೊಡೆದರು. ಅವು 8. ಒಟ್ಟು 16. 1804ರಲ್ಲಿ ಹುಟ್ಟಿದ್ದು ಒಂದೂ ಇಲ್ಲ. ಆದರೂ ಮಸ್ಕತ್ತಿಗೆ ಹೋಗಿದ್ದೆನ್ನುವ ಡಾಲರು 2021ರಲ್ಲಿ 76 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಸುಳ್ಳಿಗೆ ಇಷ್ಟು ಬೆಲೆಯಾ ಅಂತ ನನಗೂ ಅನ್ನಿಸಿತು.

ಇದರ ನಕಲುಗಳಂತೂ ಲೆಕ್ಕವಿಲ್ಲ. ಯಾರಾದರೂ ಅಗ್ಗಕ್ಕೆ 1804ರ ಡಾಲರು ಕೊಡ್ತೀನಿ ಅಂದರೆ ಮೊದಲು ತೂಗಿ, ಆಮೇಲೆ ಅಯಸ್ಕಾಂತ ಹಿಡಿಯಿರಿ. ಬೆಳ್ಳಿ ಅಂಟುವುದಿಲ್ಲ. ಆದರೆ ಅಂಟದ್ದೆಲ್ಲ ಬೆಳ್ಳಿಯೂ ಅಲ್ಲ, ತಾಮ್ರ ಸೀಸಗಳೂ ಅಂಟುವುದಿಲ್ಲ.

ನಮ್ಮಲ್ಲೂ ಇಂಥದ್ದೊಂದು ಉಂಟು. ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯನ್ನು ಮುಂದೆ ಎಷ್ಟೋ ವರ್ಷ ಅದೇ ಇಸವಿ ಹಾಕಿ ಹೊಡೆದರು. ನಮ್ಮಜ್ಜಿಯ ದೇವರ ಪೆಟ್ಟಿಗೆಯಲ್ಲಿ ಒಂದಿದೆ. ಮೇಷ್ಟ್ರಿಗೆ ತೋರಿಸೋಣ ಅಂತ ಹುಣಸೆಹಣ್ಣು, ಬೂದಿ ಹಾಕಿ ಫಳಫಳ ತಿಕ್ಕಿ ತಂದೆ. ಅವರು ನೋಡಿ, "ಅಯ್ಯೋ, ತಿಕ್ಕಿಬಿಟ್ಟೆಯೇನೋ! ಸಂಗ್ರಹಕಾರರಿಗೆ ಆ ಹಳೇ ಕಪ್ಪೇ ಬೇಕು ಕಣೋ, ತಿಕ್ಕಿದ್ದಕ್ಕೆ ಬೆಲೆ ಇಳಿಯುತ್ತೆ" ಅಂದರು. ಸಪ್ಪೆ ಮುಖ ಮಾಡಿಕೊಂಡು ಮನೆಗೆ ಬಂದು ಹೇಳಿದರೆ ಅಜ್ಜಿ, "ಮಾರೋರು ಯಾರೋ ಇಲ್ಲಿ? ಶುಕ್ರವಾರ ಲಕ್ಷ್ಮಿನ ಕಪ್ಪಗೆ ಕೂರಿಸೋಕಾಗುತ್ತಾ?" ಅಂತ ನಕ್ಕಳು.