ಟೊಮೇಟೊ ಜಾಡಿಗೆ ಹುಳಿ ಸೇರಿಸಿ

ಬೆಲೆ ಬಿದ್ದಾಗ ಟೊಮೇಟೊವನ್ನು ತಿಪ್ಪೆಗೆ ಸುರಿಯಬೇಕಾಗಿಲ್ಲ. ಮನೆಯಲ್ಲೇ ಜಾಡಿ ಕಟ್ಟಿಡಬಹುದು.

ಕೊಳೆಯಿಲ್ಲದ ಹಣ್ಣನ್ನು ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿ ಸಿಪ್ಪೆ ಸುಲಿಯಿರಿ. ಕಿವುಚಿ 5 ನಿಮಿಷ ಕುದಿಸಿ. ಇದಕ್ಕೆಂದೇ ಮಾಡಿದ ಅರ್ಧ ಲೀಟರಿನ ಗಾಜಿನ ಜಾಡಿಯಲ್ಲಿ ಕಾಲು ಟೀ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ, ಬಿಸಿ ತಿರುಳು ತುಂಬಿ, ಮೇಲೆ ಅರ್ಧ ಅಂಗುಲ ಬಿಟ್ಟು ಹೊಸ ಮುಚ್ಚಳ ಹಾಕಿರಿ.

ಎಲ್ಲ ಟೊಮೇಟೊಗಳ ಹುಳಿ ಒಂದೇ ಸಮನಲ್ಲ. ಹುಳಿ ಸಾಲದಿದ್ದರೆ, ಬರಿಯ ಕುದಿತಕ್ಕೆ ಸಾಯದ ಬೀಜಾಣುಗಳು ಗಾಳಿಯಿಲ್ಲದ ಜಾಡಿಯಲ್ಲಿ ಮೊಳೆತು ಬಾಟುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷವನ್ನುಂಟುಮಾಡುತ್ತವೆ.

ಜಾಡಿಗಳನ್ನು ನೀರಿನಲ್ಲಿ ಪೂರ್ಣ ಮುಳುಗಿಸಿ ಕುದಿಸಿರಿ. ಸಮುದ್ರಮಟ್ಟದಲ್ಲಿ 35 ನಿಮಿಷ ಸಾಕು. ಚನ್ನರಾಯನದುರ್ಗದ ತಪ್ಪಲು 2,000 ಅಡಿಗೂ ಎತ್ತರ, ಇಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ 40 ನಿಮಿಷ ಬೇಕು.

ಮುಚ್ಚಳ ಉಬ್ಬಿದ್ದರೆ ರುಚಿ ನೋಡದೆ ಜಾಡಿ ಸಮೇತ ಹೂಳಿರಿ.