ಹಿರಿಯರ ಮರೆವು: ಮನೆಯವರು ಗಮನಿಸಬೇಕಾದ ಬಗೆ

ಅರವತ್ತಕ್ಕೆ ಅರಳು ಮರಳು ಎಂಬ ಮಾತನ್ನು ವಿಜಯಪುರ ಜಿಲ್ಲೆಯಲ್ಲಿ ಕೇಳದವರಿಲ್ಲ. ಅವ್ವ ಹೇಳಿದ್ದನ್ನೇ ಗಳಿಗೆಯೊಳಗೆ ಮತ್ತೆ ಹೇಳಿದಾಗಲೂ, ಅಪ್ಪ ಸಂತೆಯಿಂದ ಚಿಲ್ಲರೆಯನ್ನು ಎಣಿಸಿಕೊಳ್ಳದೆ ಮರಳಿದಾಗಲೂ ಆ ಒಂದು ಮಾತಿನಿಂದಲೇ ಸಮಾಧಾನ ತಂದುಕೊಂಡು, ಚಿಕಿತ್ಸೆಗೂ ಗೃಹವ್ಯವಸ್ಥೆಗೂ ಅತ್ಯಂತ ಉಪಯುಕ್ತವಾಗಬಹುದಾಗಿದ್ದ ವರ್ಷಗಳನ್ನು ಕಳೆದುಬಿಡುವ ಕುಟುಂಬಗಳು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿಯೂ ಉಂಟು. ಇಂತಹ ಮರೆವಿಗೆ ಅನೇಕ ಸಲ ಕಾರಣವಾಗುವ ಆಲ್‌ಝೈಮರ್ ಎಂಬುದು ವಾರ್ಧಕ್ಯದ ಸಹಜ ಲಕ್ಷಣವಲ್ಲ, ಮೆದುಳಿನ ರೋಗ. ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ 1906ರಲ್ಲಿ ಈ ರೋಗವನ್ನು ಮೊದಲು ವಿವರಿಸಿದುದು ಯಾವ ಸ್ತ್ರೀಯ ವಿಷಯದಲ್ಲೋ, ಆಕೆ 1901ರಲ್ಲಿ ಆಸ್ಪತ್ರೆಗೆ ಬಂದಾಗ ಆಕೆಯ ವಯಸ್ಸು 51 ಮಾತ್ರ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನಂತೆ, ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ 7.4 ಮಂದಿ, ಎಂದರೆ ಸುಮಾರು 88 ಲಕ್ಷ ಜನ, ಡಿಮೆನ್ಶಿಯಾಕ್ಕೆ, ಅಂದರೆ ಇಂತಹ ರೋಗಗಳಿಂದ ನೆನಪು, ಬುದ್ಧಿಗಳು ಕುಗ್ಗುವ ಸ್ಥಿತಿಗೆ, ಒಳಗಾಗಿದ್ದಾರೆ. ಸ್ತ್ರೀಯರಲ್ಲಿಯೂ ಗ್ರಾಮವಾಸಿಗಳಲ್ಲಿಯೂ ಅಕ್ಷರ ಕಲಿಯದವರಲ್ಲಿಯೂ ಈ ಪ್ರಮಾಣ ಅಧಿಕವೆಂದು ಅದೇ ಅಧ್ಯಯನ ಕಂಡುಕೊಂಡಿತು.

ಮೊದಲು ಮಾಡಬೇಕಾದುದು, ಹಿರಿಯರನ್ನು ಅವರ ಪೂರ್ವದ ನಡವಳಿಕೆಯೊಡನೆಯೇ ಹೋಲಿಸುವುದು. ಎಂದೂ ಲೆಕ್ಕ ಬರೆಯದ ಅವ್ವನಿಗೆ ಇಂದಿನ ತಾರೀಖು ತಿಳಿಯದಿದ್ದರೆ ಅದರಲ್ಲಿ ವಿಶೇಷವೇನೂ ಇಲ್ಲ. ಆದರೆ ಪ್ರತಿ ವರ್ಷ ಎಳ್ಳ ಅಮಾವಾಸ್ಯೆಗೆ ಸಜ್ಜಿರೊಟ್ಟಿ, ಶೇಂಗಾಹೋಳಿಗೆ, ಪುಂಡಿಪಲ್ಯಗಳನ್ನೆಲ್ಲ ತಾನೇ ಮುಂದೆ ನಿಂತು ಮಾಡಿಸಿ, ಚರಗ ಚೆಲ್ಲಲು ಹೊಲಕ್ಕೆ ಬುತ್ತಿ ಕಟ್ಟುತ್ತಿದ್ದವಳು ಈ ಸಲ ಯಾವುದಾದ ಮೇಲೆ ಯಾವುದೆಂದು ತಿಳಿಯದೆ ಒಲೆಯ ಮುಂದೆ ಸುಮ್ಮನೆ ಕುಳಿತರೆ, ಅದು ಗಮನಿಸತಕ್ಕ ಸಂಗತಿ. ಇಂಡಿಯ ಲಿಂಬೆಯ ವ್ಯಾಪಾರದಲ್ಲಿ ಚೀಲದ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದ ಅಪ್ಪ ಈಗ ಒಂದೇ ನೋಟನ್ನು ಮೂರು ಸಲ ತಿರುವಿ ನೋಡಿದರೆ, ಅದೂ ಅಂತಹುದೇ. ಅಕ್ಷರಸ್ಥರಿಗಾಗಿ ರಚಿತವಾದ ಪ್ರಶ್ನೆಗಳು ನಿರಕ್ಷರರಿಗೆ ಅನ್ಯಾಯ ಮಾಡುತ್ತವೆಂಬುದನ್ನು ಮನಗಂಡೇ, 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಸಂಶೋಧಕರು ಬೇರೆಯೇ ಪರೀಕ್ಷೆಗಳನ್ನು ಸಿದ್ಧಪಡಿಸಿ, ದೈನಂದಿನ ಕೆಲಸಗಳಲ್ಲಿ ಕಂಡ ವ್ಯತ್ಯಾಸವನ್ನು ಮನೆಯವರಿಂದಲೇ ಕೇಳಿ ತಿಳಿಯುವ ಕ್ರಮವನ್ನು ರೂಪಿಸಿದರು. ಆದುದರಿಂದ ಮನೆಯವರ ಸಾಕ್ಷ್ಯವನ್ನು ಯಾರೂ ಅಲ್ಪವೆಂದು ಭಾವಿಸಬಾರದು. ಇಲ್ಲೊಂದು ಎಚ್ಚರಿಕೆಯೂ ಬೇಕು: ಕೈಗೆ ಬಹುಕಾಲದಿಂದ ಒಗ್ಗಿದ ವಿದ್ಯೆ ಈ ರೋಗದಲ್ಲಿ ತಡವಾಗಿ ಹೋಗುವುದರಿಂದ, ಅವ್ವ ರೊಟ್ಟಿಯನ್ನು ಮೊದಲಿನಷ್ಟೇ ಚೆನ್ನಾಗಿ ಬಡಿಯುತ್ತಾಳೆಂಬ ಕಾರಣಕ್ಕೆ, ಬೇಳೆಗೆ ಎರಡು ಸಲ ಉಪ್ಪು ಬಿದ್ದುದನ್ನು ಕಡೆಗಣಿಸಬಾರದು.

ಎರಡನೆಯದಾಗಿ ಒಂದು ನೋಟುಬುಕ್ಕನ್ನು ಇಡಿರಿ. ಅದರಲ್ಲಿ ಅಭಿಪ್ರಾಯವನ್ನಲ್ಲ, ನಡೆದ ಸಂಗತಿಯನ್ನು ಬರೆಯಿರಿ. “ಅಪ್ಪಗ ಸಿಟ್ಟು ಭಾಳ ಆಗೇದ” ಎಂದು ಬರೆದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ, “ಸೋಮವಾರ ದೀಪ ಹಚ್ಚುವ ಹೊತ್ತಿಗೆ, ತನ್ನ ಮನೆಯಲ್ಲಿಯೇ ಕುಳಿತು, ‘ನಮ್ಮ ಮನಿಗಿ ಹೋಗೂಣ ನಡಿ’ ಎಂದು ಎದ್ದರು, ಮಧ್ಯಾಹ್ನ ಮಲಗಿರಲಿಲ್ಲ, ಉಂಡಿರಲಿಲ್ಲ” ಎಂದು ಬರೆದರೆ ತಿಂಗಳೊಳಗೆ ಸಂಜೆಯ ತಳಮಳಕ್ಕೂ ಹಸಿವು, ನಿದ್ರೆಗಳಿಗೂ ಇರುವ ಸಂಬಂಧ ತಾನಾಗಿ ಗೋಚರಿಸುತ್ತದೆ.

ಈ ಬರವಣಿಗೆಯಲ್ಲಿ ಮೊದಲ ಸ್ಥಾನ ಮನೆಯಲ್ಲಿರುವ ಸೊಸೆಗೋ ಮಗಳಿಗೋ ಸಲ್ಲಬೇಕು. ಪುಣೆ, ಸೊಲ್ಲಾಪುರ, ಗೋವಾ, ಬೆಂಗಳೂರುಗಳಿಗೆ ದುಡಿಯಲು ಹೋದ ಮಕ್ಕಳು ಫೋನಿನಲ್ಲಿ ಕೇಳುವುದು “ಆರಾಮ ಅದೀನಿ, ಊಟ ಆತು” ಎಂಬ ರೂಢಿಯ ಮಾತು. ಅದು ನೆನಪಿನ ಸಹಾಯವಿಲ್ಲದೆಯೂ ಬಾಯಿಗೆ ಬರುತ್ತದೆ. ಹಬ್ಬಕ್ಕೆ ಬಂದಾಗಲೂ ತಂದೆತಾಯಿಗಳು ಎರಡು ದಿನ ತಮ್ಮನ್ನು ತಾವು ಬಿಗಿಹಿಡಿದುಕೊಂಡಿರುವುದುಂಟು. ಮಗ ಮರಳಿದ ಮರುದಿನವೇ ಅತ್ತೆ ತನ್ನ ಬೋರಮಾಳವನ್ನು ಎಲ್ಲಿಯೋ ಬಚ್ಚಿಟ್ಟು, ಇಟ್ಟ ಜಾಗವನ್ನು ಮರೆತು, ಸೊಸೆಯೇ ಕದ್ದಳೆಂದು ಓಣಿಗೆಲ್ಲ ಕೇಳುವಂತೆ ಕೂಗಿದರೆ, ಅದನ್ನು ಅತ್ತೆ-ಸೊಸೆಯರ ಜಗಳವೆಂದು ತೀರ್ಮಾನಿಸಿ ಸೊಸೆಯ ಮಾತನ್ನು ನಂಬದಿರುವುದು ಎಷ್ಟೋ ಮನೆಗಳಲ್ಲಿ ನಡೆಯುವ ಘೋರ ಅನ್ಯಾಯವೆಂದು ನಾನು ಹೇಳುತ್ತೇನೆ. ಕಳವಿನ ಆ ಶಂಕೆಯು ರೋಗದ ಲಕ್ಷಣ. ಅದಕ್ಕೆ ವಾದದಿಂದ ಉತ್ತರವಿಲ್ಲ. “ನಡೀರಿ ಅತ್ತಿ, ಇಬ್ರೂ ಕೂಡಿ ಹುಡುಕೂಣು” ಎಂಬ ಮಾತು ಸಾಕು. ದೂರದ ಮಕ್ಕಳು “ನೆನಪದ ಇಲ್ಲ?” ಎಂದು ಪರೀಕ್ಷೆ ಮಾಡದೆ, ನಿನ್ನೆ ಯಾರು ಬಂದಿದ್ದರು, ಯಾವ ಪಲ್ಯ ಮಾಡಿದ್ದಿರಿ ಎಂದು ಮಾತಿನೊಳಗೆ ವಿಚಾರಿಸಿ, ಆಮೇಲೆ ಸೊಸೆಯನ್ನು ಪ್ರತ್ಯೇಕವಾಗಿ ಕೇಳಲಿ.

ಮೂರನೆಯ ಹೆಜ್ಜೆ ಪ್ರಾಣರಕ್ಷಣೆಗೆ ಸಂಬಂಧಪಟ್ಟದ್ದು. ಆಲ್‌ಝೈಮರ್ ತಿಂಗಳು, ವರ್ಷಗಳ ಗತಿಯಲ್ಲಿ ಸಾಗುವ ರೋಗ. ನಿನ್ನೆ ಮಾತನಾಡುತ್ತಿದ್ದವರು ಇಂದು ಮಂಪರಿನಲ್ಲಿದ್ದರೆ, ಇಲ್ಲದ್ದು ಕಾಣುತ್ತಿದೆಯೆಂದರೆ, ಒಂದು ಕೈ ಸೋತರೆ, ಅದು ರೋಗ ಮುಂದುವರಿದುದೆಂದು ಭಾವಿಸಿ ಮನೆಯಲ್ಲಿ ಕೂರಬಾರದು. ಮೂತ್ರದ ಸೋಂಕು, ಬೇಸಗೆಯ ಬಿಸಿಲಿಗೆ ದೇಹದ ನೀರು ಇಂಗಿಹೋದುದು, ಮಧುಮೇಹಿಗಳಲ್ಲಿ ಸಕ್ಕರೆಯ ಅಂಶ ಕುಸಿದುದು, ಬಿದ್ದಾಗ ತಲೆಯೊಳಗೆ ರಕ್ತ ಸೋರಿದುದು, ಪಾರ್ಶ್ವವಾಯು, ಹೊಸ ಔಷಧ, ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೆಲ್ಲಗೆ ಬಂದ ಮರೆವೆಲ್ಲವೂ ಆಲ್‌ಝೈಮರ್ ಅಲ್ಲ. ಥೈರಾಯ್ಡ್ ಗ್ರಂಥಿಯ ಮಾಂದ್ಯ, ಮಾಂಸಾಹಾರವಿಲ್ಲದ ಮನೆಗಳಲ್ಲಿ ವಿಶೇಷವಾಗಿ ಬಿ-12 ಜೀವಸತ್ವದ ಕೊರತೆ, ಖಿನ್ನತೆ, ಕಿವುಡು, ಕಣ್ಣಿನ ಪೊರೆ, ಅಂಗಡಿಯಿಂದ ತಂದು ನುಂಗುವ ನಿದ್ರೆಯ ಗುಳಿಗೆ, ಇವು ಬುದ್ಧಿಯನ್ನು ಮಸುಕುಗೊಳಿಸುತ್ತವೆ, ಇವುಗಳಿಗೆ ಪರಿಹಾರವಿದೆ. ಆದುದರಿಂದ ವೈದ್ಯರ ಬಳಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು, ನೋಟುಬುಕ್ಕಿನೊಡನೆ ಹೋಗಿರಿ. ತಾಲೂಕು ಆಸ್ಪತ್ರೆಯಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ಬರುವ ದಿನವನ್ನು ಮೊದಲೇ ವಿಚಾರಿಸಿಕೊಳ್ಳಿರಿ. ರಾಜ್ಯ ಸರ್ಕಾರವು ನಿಮ್ಹಾನ್ಸ್ ಸಂಸ್ಥೆಯೊಡನೆ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದ ಸೌಲಭ್ಯವನ್ನು ವಿಜಯಪುರದ ಜಿಲ್ಲಾಸ್ಪತ್ರೆಯಲ್ಲಿ ಕೇಳಿರಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416, ಹಿರಿಯರ ಸಹಾಯವಾಣಿ 14567, ಎರಡೂ ಉಚಿತ.

ರೋಗ ನಿರ್ಧಾರವಾದ ಮೇಲೂ ಗಮನಿಕೆ ನಿಲ್ಲಬಾರದು. ಡೊನೆಪೆಜಿಲ್ ಮುಂತಾದ ಗುಳಿಗೆಗಳು ರೋಗವನ್ನು ಗುಣಪಡಿಸವು. ಕೆಲವರಿಗೆ ಕೆಲಕಾಲ ಅನುಕೂಲ ಮಾಡುತ್ತವೆ. ಅವುಗಳಿಂದ ಅಡ್ಡಪರಿಣಾಮಗಳೂ ಆಗಬಹುದಾದುದರಿಂದ ಹಸಿವು ಕುಗ್ಗಿದುದು, ಭೇದಿ, ತಲೆಸುತ್ತುಗಳನ್ನು ಬರೆದಿಡಿರಿ. ತಿಂಗಳಿಗೊಮ್ಮೆ ತೂಕ ನೋಡಿರಿ. ನೀರು ಕುಡಿಯುವಾಗ ಕೆಮ್ಮು ಬರುತ್ತದೆಯೇ, ನಡಿಗೆ ಎಳೆಯುತ್ತದೆಯೇ, ಹೊಸ್ತಿಲು ದಾಟಿ ಹೊರಟುಹೋಗುವ ಹೊತ್ತು ಯಾವುದು, ನೋವನ್ನು ಬಾಯಲ್ಲಿ ಹೇಳಲಾರದೆ ಮುಖ ಕಿವಿಚುತ್ತಾರೆಯೇ ಎಂಬುದನ್ನು ನೋಡಿರಿ. ಹೊರಗೆ ತಿರುಗುವವರ ಅಂಗಿಯ ಒಳಮಗ್ಗುಲಿಗೆ ಫೋನ್ ಸಂಖ್ಯೆಯನ್ನು ಹೊಲಿಯುವುದೂ, ಹೊಲದ ಬಾವಿಗೆ ತಡೆ ಕಟ್ಟುವುದೂ ಅವಶ್ಯ. ಹಾಗೆಯೇ ಅವರಲ್ಲಿ ಇನ್ನೂ ಉಳಿದಿರುವುದನ್ನೂ ಬರೆಯಿರಿ: ಇಷ್ಟಲಿಂಗಪೂಜೆಯ ಕ್ರಮ, ಬಾಯಿಪಾಠವಾದ ವಚನ, ಸೊಪ್ಪು ಸೋಸುವ ಕೆಲಸ. ದಿನವನ್ನು ಅವುಗಳ ಸುತ್ತಲೇ ಕಟ್ಟಿಕೊಡಬಹುದು.

ಹೊಲದ ಪತ್ರ, ಬ್ಯಾಂಕಿನ ಪಾಸ್‌ಬುಕ್ಕು, ವೃದ್ಧಾಪ್ಯ ವೇತನಗಳ ವಿಚಾರವನ್ನು, ಅವರು ತಿಳಿದು ಒಪ್ಪಬಲ್ಲ ಕಾಲದಲ್ಲಿಯೇ, ಮಕ್ಕಳೆಲ್ಲರ ಸಮಕ್ಷಮ, ವಕೀಲರ ಸಲಹೆಯಂತೆ ತೀರ್ಮಾನಿಸಿರಿ. ತಿಳಿವು ಹೋದವರ ಹೆಬ್ಬೆಟ್ಟನ್ನು ಯಾರೂ ಒತ್ತಿಸಿಕೊಳ್ಳಬಾರದು. ನೋಟುಬುಕ್ಕಿನ ಕೊನೆಯ ಹಾಳೆಯೊಂದನ್ನು ಆರೈಕೆ ಮಾಡುವವಳಿಗಾಗಿ ಮೀಸಲಿಡಿರಿ: ಆಕೆ ಈ ವಾರ ಎಷ್ಟು ರಾತ್ರಿ ನಿದ್ರೆಗೆಟ್ಟಳು, ತವರಿಗೆ ಹೋಗಿ ಎಷ್ಟು ದಿನವಾಯಿತು ಎಂಬುದನ್ನೂ ಬರೆದು, ವೈದ್ಯರ ಮುಂದೆ ಆ ಹಾಳೆಯನ್ನೂ ಓದಿ ಹೇಳಿರಿ.